ಈಶಾನ್ಯದ ಮಣಿ

ಹಿರೇಕಟ್ಟೆ ಊರಿನ ಹನ್ನೊಂದು ಸಾವಿರ ಕಟ್ಟಡಗಳ ಭಾರವನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಹೊರುವುದಲ್ಲ, ನೋಡುವುದು. ಹೊರುವ ಕೆಲಸ ನಮ್ಮವ್ವ ಮಾಡಿದ್ದಳು, ನಮ್ಮ ಚಿಕ್ಕಮ್ಮ ಮಾಡಿದ್ದಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕಾಂಕ್ರೀಟಿನ ಬಾಂಡ್ಲಿ ಇಟ್ಟುಕೊಂಡು ಏಣಿ ಹತ್ತಿ. ನಾನು ಡಿಪ್ಲೊಮಾ ಓದಿ ಕಟ್ಟಡ ಕ್ಷೇಮ ಕೇಂದ್ರದ ಏಸಿ ಕೋಣೆಯಲ್ಲಿ, ಗೋಡೆಯಗಲದ ಪರದೆಯ ಮುಂದೆ ಕೂತೆ. ಪರದೆಯ ಮೇಲೆ ಊರಿನ ನಕ್ಷೆ, ನಕ್ಷೆಯ ಮೇಲೆ ಕಟ್ಟಡಕ್ಕೊಂದು ಚುಕ್ಕೆ. ಹಸಿರು ಎಂದರೆ ಕ್ಷೇಮ, ಹಳದಿ ಎಂದರೆ ಎಚ್ಚರ. ಕೆಂಪಾದರೆ ಕಟ್ಟಡದ ಕರೆಂಟು ತಾನಾಗಿ ನಿಂತು, ಪೊಲೀಸರು ಹೋಗಿ ಒಳಗಿದ್ದವರನ್ನೆಲ್ಲ ಹೊರಗೆ ಕರೆತರುತ್ತಾರೆ. ಆರು ವರ್ಷದಲ್ಲಿ ಕೆಂಪಾದದ್ದು ಎರಡೇ ಕಟ್ಟಡ. ಅದನ್ನು ನಾನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ.

ಮಣಿ ಬರುವುದಕ್ಕೆ ಮುಂಚೆ ಹೇಗಿತ್ತು ಎಂಬುದನ್ನು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾವು ಅದನ್ನು ಯಾಕೆ ಕಣ್ಣು ಮುಚ್ಚಿ ನಂಬಿದೆವು ಎಂಬುದು ನಿಮಗೆ ಅರ್ಥವಾಗುವುದಿಲ್ಲ. ನಾವಿರುವ ಗಂಗಮ್ಮನ ದಿಣ್ಣೆಯಲ್ಲಿ ನಕ್ಷೆ ಮಂಜೂರಾಗಿ ಎದ್ದ ಮನೆ ಒಂದೂ ಇರಲಿಲ್ಲ. ಮಂಜೂರಾತಿಗೆ ಬೇಕಾದ ಕಾಗದಗಳನ್ನು ಹಾಸಿದರೆ ನಮ್ಮ ಸೈಟು ಮುಚ್ಚಿಹೋಗುತ್ತಿತ್ತು. ಜನ ಮೇಸ್ತ್ರಿಯನ್ನು ಕರೆದರು, ಹೆಜ್ಜೆ ಹಾಕಿ ಅಳೆದರು, ಕಟ್ಟಿದರು. ಮುಂದೊಂದು ದಿನ ಇನ್ನೊಂದು ಮಹಡಿ ಏರಿಸುವ ಆಸೆಗೆ ತಾರಸಿಯ ಮೇಲೆ ಕಂಬಿಗಳನ್ನು ಹಾಗೇ ಬಿಟ್ಟರು. ವರ್ಷಕ್ಕೊಮ್ಮೆ ನಗರಸಭೆಯ ಬುಲ್ಡೋಜರ್ ಬಂದು ಕೈಗೆ ಸಿಕ್ಕ ನಾಲ್ಕು ಮನೆ ಕೆಡವಿ ಹೋಗುತ್ತಿತ್ತು. ಯಾವ ಮನೆ ಗಟ್ಟಿ, ಯಾವುದು ಟೊಳ್ಳು ಎಂದು ಕೆಡವುವವರಿಗೂ ಗೊತ್ತಿರಲಿಲ್ಲ, ಅವರನ್ನು ಕಳಿಸಿದವರಿಗೂ ಗೊತ್ತಿರಲಿಲ್ಲ. ಗಟ್ಟಿ ಮನೆಗಳು ಬಿದ್ದವು. ಟೊಳ್ಳು ಮನೆಗಳು ನಿಂತು, ಆಮೇಲೆ ಮಳೆಗಾಲದಲ್ಲಿ ತಾವಾಗಿಯೇ ಬಿದ್ದವು.

ಆಗ ಮಣಿ ಕಾಯಿದೆ ಬಂತು. ನಕ್ಷೆ ಬೇಡ, ಎಂಜಿನಿಯರ್ ಸಹಿ ಬೇಡ. ನಿಮಗೆ ತಿಳಿದಂತೆ ಕಟ್ಟಿಕೊಳ್ಳಿ, ಆದರೆ ಕೆಳಗಿನ ಅಂತಸ್ತಿನ ಒಂದು ಕಂಬದೊಳಗೆ ಸರ್ಕಾರ ಕೊಡುವ ಮಣಿ ಇಡಿ ಎಂದಿತು ಕಾಯಿದೆ. ಮಣಿ ನೆಲ್ಲಿಕಾಯಿ ಗಾತ್ರದ್ದು. ಹೊರಗೆ ತಾಮ್ರದ ಕವಚ, ಒಳಗೆ ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳು. ಬಸ್ಸು ಹೋದರೆ, ಮಕ್ಕಳು ಕುಣಿದರೆ ಕಟ್ಟಡ ಕಣ್ಣಿಗೆ ಕಾಣದಷ್ಟು ನಡುಗುತ್ತದೆ. ಆ ನಡುಕದಿಂದಲೇ ಮಣಿಯ ಹೊಟ್ಟೆ ತುಂಬುತ್ತದೆ. ತನ್ನ ಮೇಲೆ ಎಷ್ಟು ಒತ್ತಡ ಬಿದ್ದಿದೆ ಎಂಬ ಅಂಕಿಯನ್ನು ಹತ್ತು ನಿಮಿಷಕ್ಕೊಮ್ಮೆ ನಮಗೆ ಕಳಿಸುತ್ತದೆ, ನಾವು ಕೇಳಿದರೆ ನಡುಕವನ್ನೂ ಆಗಿಂದಾಗ ತೋರಿಸುತ್ತದೆ. ಆ ಅಂಕಿ ಕಂಬ ತಾಳುವ ಮಿತಿಗೆ ಎಷ್ಟು ಹತ್ತಿರ ಬಂತು ಎಂದು ನೋಡಿ ನಮ್ಮ ಯಂತ್ರ ಬಣ್ಣ ತೀರ್ಮಾನಿಸುತ್ತದೆ. ಅದೇ ಬಣ್ಣದ ಪುಟ್ಟ ದೀಪ ಮನೆಯ ಬಾಗಿಲ ಮೇಲೂ ಉರಿಯುತ್ತದೆ. ಮಣಿ ದುಬಾರಿಯಾದ್ದರಿಂದ ಕಟ್ಟಡಕ್ಕೆ ಒಂದೇ. ಅತಿ ಹೆಚ್ಚು ಭಾರ ಹೊರುವ ಕಂಬದಲ್ಲೇ ಇಡಬೇಕೆಂದು ಕೈಪಿಡಿಯಲ್ಲಿ ಚಿತ್ರ ಸಮೇತ ಬರೆದಿತ್ತು. ದೀಪ ಹಸಿರಾಗಿದ್ದರೆ ಮನೆಗೆ ಖಾತೆ, ನೀರಿನ ಲೈನು, ಬ್ಯಾಂಕಿನ ಸಾಲ, ಎಲ್ಲವೂ ಸಿಗುತ್ತಿತ್ತು. ಬುಲ್ಡೋಜರಿಗೆ ದಿಣ್ಣೆಯ ದಾರಿ ಮರೆತುಹೋಯಿತು.

ಮೊದಮೊದಲು ಜನ ಒಪ್ಪಲಿಲ್ಲ. ಸರ್ಕಾರದವರು ಕಂಬದೊಳಗೆ ಕೂತು ಮನೆಯ ಮಾತು ಕೇಳಿಸಿಕೊಳ್ಳುತ್ತಾರಂತೆ ಎಂದು ಗುಲ್ಲೆದ್ದಿತ್ತು. ಆಗ ತಾನೇ ಕೆಲಸಕ್ಕೆ ಸೇರಿದ್ದ ನಾನು ಅಪ್ಪನ ಬೆನ್ನು ಬಿದ್ದೆ. ನಮ್ಮಪ್ಪ ಓಬಳಪ್ಪ ದಿಣ್ಣೆಯ ಅರ್ಧ ಮನೆಗಳನ್ನು ಕಟ್ಟಿದ ಮೇಸ್ತ್ರಿ. ಎಲ್ಲರ ಬಾಯಲ್ಲೂ ಅವನು ಮೇಸ್ತ್ರಪ್ಪ. ಅವನೊಂದು ಮಾತು ಹೇಳಿದರೆ ಉಳಿದ ಮೇಸ್ತ್ರಿಗಳು ಎರಡು ಮಾತಾಡುತ್ತಿರಲಿಲ್ಲ. ನಮ್ಮ ಮನೆಯ ಎದುರಿಗೇ ಲಿಂಗಮ್ಮ ಚಿಕ್ಕಮ್ಮ, ಅಂದರೆ ತೀರಿಹೋದ ನಮ್ಮ ಚಿಕ್ಕಪ್ಪನ ಹೆಂಡತಿ, ತನ್ನ ಶೀಟಿನ ಮನೆ ಕೆಡವಿ ಹೊಸ ಕಟ್ಟಡಕ್ಕೆ ಪಾಯ ತೆಗೆಸಿದ್ದಳು. ಊರಿನ ಮೊದಲ ಮಣಿಯನ್ನು ಅಪ್ಪ ಅಲ್ಲಿ ಇಟ್ಟ. ಚಿಕ್ಕಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ ಅಪ್ಪನ ಕೈಗೆ ಕೊಟ್ಟಳು. ಅಪ್ಪ ಕಂಬಿಗಳ ನಡುವೆ ಅದನ್ನು ಕಟ್ಟಿ ಕಾಂಕ್ರೀಟು ಸುರಿಸಿದ. ಫೋಟೋ ತೆಗೆದವಳು ನಾನು. ಇಲಾಖೆ ಆ ಫೋಟೋವನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿತು. ವರ್ಷದೊಳಗೆ ಮೇಸ್ತ್ರಿಗಳೆಲ್ಲ ಅಪ್ಪ ಮಾಡಿದ ಹಾಗೇ ಮಾಡಿ ಮಣಿ ಇಟ್ಟರು. ಹಳೆಯ ಮನೆಗಳಿಗೂ ಕಂಬ ಕೊರೆದು ಇಟ್ಟರು.

ಮಣಿಗೆ ಮುಂಚೆ ಅಪ್ಪನಿಗೊಂದು ಕಟ್ಟಳೆಯಿತ್ತು. ಒಂಬತ್ತಿಂಚಿನ ಕಂಬದ ಮೇಲೆ ಎರಡು ಮಹಡಿಗಿಂತ ಹೆಚ್ಚು ಏರಿಸುತ್ತಿರಲಿಲ್ಲ. ಯಾರು ಕೈಕಾಲು ಹಿಡಿದರೂ ಇಲ್ಲ. ಮಣಿ ಬಂದ ಮೇಲೆ ಆ ಕಟ್ಟಳೆ ಸಡಿಲವಾಯಿತು. ಚಿಕ್ಕಮ್ಮನ ಮನೆಗೆ ಎರಡು ಮಹಡಿ ಎದ್ದಾಗ ದೀಪ ಹಸಿರಾಗಿಯೇ ಇತ್ತು. "ಇನ್ನೂ ತಾಳ್ತೀನಿ ಅಂತೈತಲ್ಲ ಭಾವ, ನಿಂದೇನು ಅಡ್ಡಗಾಲು?" ಎಂದಳು ಅವಳು. ಮೂರನೆಯದು ಎದ್ದಿತು, ಹಸಿರು. ನಾಲ್ಕನೆಯದು ಎದ್ದಿತು, ಹಸಿರು. ಅದರ ಮೇಲೆ ಹತ್ತು ಸಾವಿರ ಲೀಟರಿನ ನೀರಿನ ಟ್ಯಾಂಕನ್ನೂ ಅಪ್ಪನೇ ಕಟ್ಟಿಕೊಟ್ಟ. ಹತ್ತು ಬಾಡಿಗೆ ಮನೆ, ಕೆಳಗೆ ಚಿಕ್ಕಮ್ಮನ ಸಂಸಾರ, ಅಂದರೆ ಅವಳೊಬ್ಬಳೇ. ನಲವತ್ತು ವರ್ಷ ಬಾಂಡ್ಲಿ ಹೊತ್ತವಳು ತನ್ನ ಮನೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಾಗ ನನಗೂ ಸಂತೋಷವಾಗುತ್ತಿತ್ತು.

ದಿಣ್ಣೆಗೆ ಮೂರು ದಿನಕ್ಕೊಮ್ಮೆ, ಬೆಳಿಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬಿಡುತ್ತಾರೆ. ನೀರು ಬಂದು ನೆಲದಡಿಯ ಸಂಪಿಗೆ ಬೀಳುತ್ತಿದ್ದ ಹಾಗೇ ಪ್ರತಿ ಮನೆಯವರೂ ಮೋಟಾರ್ ಹಾಕಿ ಮೇಲಿನ ಟ್ಯಾಂಕು ತುಂಬಿಸುತ್ತಾರೆ. ಹೋದ ವೈಶಾಖದ ಒಂದು ಗುರುವಾರ ನಾನು ಮೋಟಾರ್ ಹಾಕಿ ಹೊರಗೆ ಬಂದರೆ ಎದುರಿಗೆ ಚಿಕ್ಕಮ್ಮ ನಿಂತಿದ್ದಳು.

"ಅನ್ಸೂಯಿ, ಮೋಟ್ರು ಹಾಕ್ದ್ಯಾ? ಇವತ್ತು ನೀರು ಸಣ್ಣಗೆ ಬತ್ತಾ ಐತೆ."

"ಹಾಕ್ದೆ ಚಿಕ್ಕಮ್ಮ. ನಿಂದು?"

"ನಂದು ಆಗ್ಲೇ ಕಾಲು ಟ್ಯಾಂಕು ಆಯ್ತು. ಮೂರನೇ ಮಾಡೀಲಿ ಅಲ್ತಾಫನ ಹೆಂಡ್ರು ಬಾಣಂತಿ, ನೀರು ಸಾಕಾಗಕಿಲ್ಲ. ನನ್ನ ಮನೇಲಿ ಇರೋರು ನೀರಿಗೆ ಬಾಯಿ ಬಾಯಿ ಬುಡಬಾರ್ದು ಕಣವ್ವ. ನಾನು ಸೀತೆಕಲ್ಲು ಬಾವಿಯಿಂದ ಹೊತ್ತು ತಂದೋಳು, ಅದರ ಕಷ್ಟ ನಂಗೊತ್ತು."

ನಾನು ಬಸ್ಸು ಹಿಡಿದು ಕೇಂದ್ರಕ್ಕೆ ಹೋದೆ. ಕೆಲಸವಿಲ್ಲದ ಬೆಳಿಗ್ಗೆ. ಸುಮ್ಮನೆ ಕೂರಲಾರದೆ ನಮ್ಮ ಮನೆಯ ಮಣಿಯ ಅಂಕಿಗಳನ್ನು ತೆಗೆದು ನೋಡಿದೆ. ಆರು ಗಂಟೆಗೆ, ಸರಿಯಾಗಿ ನಾನು ಮೋಟಾರ್ ಹಾಕಿದ ಹೊತ್ತಿಗೆ, ಅಂಕಿ ಚೂರು ಇಳಿದಿತ್ತು. ತಾರಸಿಯ ಮೇಲೆ ನೀರು ಏರಿದರೆ ಭಾರ ಹೆಚ್ಚಬೇಕು. ಅಂಕಿ ಏರಬೇಕು. ಇದು ಇಳಿದಿದೆ. ಚಿಕ್ಕಮ್ಮನ ಮನೆಯದನ್ನು ತೆಗೆದೆ; ಅದು ಇನ್ನೂ ಜಾಸ್ತಿ ಇಳಿದಿತ್ತು. ಇಡೀ ದಿಣ್ಣೆಯದನ್ನು ಒಟ್ಟಿಗೆ ತೆಗೆದೆ. ಎಲ್ಲ ಮನೆಗಳದ್ದೂ ಆರಕ್ಕೆ ಇಳಿದಿದ್ದವು. ನಮ್ಮ ಯಂತ್ರ ಅದಕ್ಕೆ 'ಬೆಳಗಿನ ತಾಪದ ಏರಿಳಿತ' ಎಂದು ಹೆಸರಿಟ್ಟು, ಆರು ವರ್ಷದಿಂದ ಪ್ರತಿ ಬಾರಿಯೂ ಅಳಿಸಿಹಾಕುತ್ತ ಬಂದಿತ್ತು. ನೀರು ಬಾರದ ದಿನಗಳನ್ನು ನೋಡಿದೆ. ಆ ದಿನಗಳಲ್ಲೂ ಬಿಸಿಲು ಹುಟ್ಟಿತ್ತು, ಆದರೆ ಅಂಕಿ ಅಲುಗಿರಲಿಲ್ಲ.

ರಜೆ ಚೀಟಿ ಬರೆದಿಟ್ಟು ಮನೆಗೆ ಬಂದೆ. ಅಪ್ಪ ಜಗುಲಿಯಲ್ಲಿ ಕರಣೆ ತೊಳೆಯುತ್ತಿದ್ದ.

"ಅಪ್ಪ, ನಮ್ಮನೆ ಮಣಿ ಯಾವ ಕಂಬದಾಗೈತೆ?"

"ಈಶಾನ್ಯದ ಕಂಬದಾಗೆ. ಇನ್ನೆಲ್ಲಿ ಇಡ್ತಾರೆ?"

"ಚಿಕ್ಕಮ್ಮನ ಮನೇದು?"

"ಅಲ್ಲೂ ಈಶಾನ್ಯವೇ. ನೀನೇ ನಿಂತು ಫೋಟೋ ಹೊಡ್ದೆಯಲ್ಲ. ಪೂಜೆ ಮಾಡಿದ್ದು ಯಾವುದಾದ್ರೂ ಬೇರೆ ಮೂಲೆಗೆ ಹೋಗ್ತದಾ? ಕಾಸು, ಪಂಚಲೋಹ, ನವಧಾನ್ಯ ಎಲ್ಲ ಅಲ್ಲೇ ಅಲ್ವಾ ಹಾಕೋದು?"

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ, ಮೋಸವಿಲ್ಲ. ನಮ್ಮ ಕಡೆ ಯಾರೇ ಮನೆ ಕಟ್ಟಲಿ, ಈಶಾನ್ಯ ದೇವಮೂಲೆ. ಅದನ್ನು ಹಗುರವಾಗಿ ಇಡಬೇಕು. ಅಲ್ಲಿ ಸಂಪು ತೋಡುತ್ತಾರೆ, ಮೇಲೆ ಬಯಲು ಬಿಡುತ್ತಾರೆ. ಭಾರವೆಲ್ಲ ಎದುರಿನ ಮೂಲೆಗೆ, ನೈಋತ್ಯಕ್ಕೆ. ಮೆಟ್ಟಿಲು ಅಲ್ಲಿ, ಬೀರು ಅಲ್ಲಿ, ತಾರಸಿಯ ಮೇಲಿನ ಟ್ಯಾಂಕೂ ಅಲ್ಲೇ. ಹಾಗಾಗಿ ಊರಿನ ಹನ್ನೊಂದು ಸಾವಿರ ಮಣಿಗಳು ಕಟ್ಟಡದಲ್ಲೇ ಅತಿ ಹಗುರವಾದ ಕಂಬದೊಳಗೆ ಅರಿಶಿನ ಕುಂಕುಮ ಹಚ್ಚಿಕೊಂಡು ಹಾಯಾಗಿ ಕೂತಿದ್ದವು. ಹಲಗೆಯ ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳುವ ಹಾಗೆ, ನೈಋತ್ಯಕ್ಕೆ ನೀರು ತುಂಬಿದಾಗಲೆಲ್ಲ ಈಶಾನ್ಯದ ಕಂಬ ಚೂರು ಹಗುರಾಗುತ್ತಿತ್ತು. ಮಣಿ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಿತ್ತು.

ಇದರಲ್ಲಿ ನನ್ನ ಪಾಲು ಎಷ್ಟೆಂದು ಕೇಳಿ. ಪ್ರತಿ ಮಣಿಗೂ ಒಂದು ತಪಾಸಣೆಯ ಅರ್ಜಿಯಿತ್ತು. 'ಅತಿ ಭಾರದ ಕಂಬದಲ್ಲಿ ಇಡಲಾಗಿದೆಯೇ?' ಎಂಬ ಪ್ರಶ್ನೆಯ ಮುಂದೆ 'ಹೌದು' ಎಂದು ಗುರುತು ಹಾಕುವುದು ನನ್ನ ಕೆಲಸ. ಮೇಸ್ತ್ರಿಯ ಮಗಳು, ಪ್ರತಿ ಮನೆಯ ಈಶಾನ್ಯ ಯಾವುದು ನೈಋತ್ಯ ಯಾವುದು ಎಂದು ಕಣ್ಣು ಕಟ್ಟಿದರೂ ಹೇಳಬಲ್ಲವಳು, ಸಾವಿರಾರು ಸಲ ಹೌದು ಎಂದೆ. ಒಂದು ದಿನವೂ ಎರಡನ್ನೂ ಸೇರಿಸಿ ಯೋಚಿಸಲಿಲ್ಲ. ಮನೆಯಲ್ಲಿ ಕಲಿತದ್ದನ್ನು ನಾನು ಆಫೀಸಿನ ಬಾಗಿಲಲ್ಲೇ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಹೋಗುತ್ತಿದ್ದೆ.

ಮಾರನೆಯ ದಿನ ಕೇಂದ್ರದಲ್ಲಿ ಎಲ್ಲ ಕಟ್ಟಡಗಳನ್ನೂ ಹೊಸದಾಗಿ ಜೋಡಿಸಿದೆ. ನೀರು ತುಂಬುವಾಗ ಯಾವ ಕಟ್ಟಡದ ಅಂಕಿ ಹೆಚ್ಚು ಇಳಿಯುತ್ತದೋ ಅದರ ನೈಋತ್ಯ ಅಷ್ಟು ಸೋತಿದೆ ಎಂದು ಲೆಕ್ಕ. ಪಟ್ಟಿಯ ತಲೆಯಲ್ಲಿ ಲಿಂಗಮ್ಮ ಕೋಂ ಹನುಮಂತಪ್ಪ, ಗಂಗಮ್ಮನ ದಿಣ್ಣೆ, ನಾಲ್ಕನೇ ಅಡ್ಡರಸ್ತೆ. ಒಂದೇ ತಿಂಗಳಲ್ಲಿ ಅದರ ಇಳಿತ ಎರಡರಷ್ಟಾಗಿತ್ತು. ಅಂದರೆ ಆ ಮೂಲೆಯ ಕಂಬ ಕುಸಿಯುತ್ತಿತ್ತು.

ನಿರ್ದೇಶಕರಾದ ವಿಶ್ವಂಭರ ಅವರ ಮುಂದೆ ಪಟ್ಟಿ ಇಟ್ಟೆ. ಅವರು ಕೆಟ್ಟವರಲ್ಲ. ಕಾಯಿದೆಗಾಗಿ ಹತ್ತು ವರ್ಷ ಓಡಾಡಿ ಚಪ್ಪಲಿ ಸವೆಸಿದವರು. ಬಹಳ ಹೊತ್ತು ಕಾಗದ ನೋಡಿದರು.

"ನಿಮ್ಮ ಲೆಕ್ಕ ಸರಿ ಇರಬಹುದು ಅನಸೂಯ. ಆದರೆ ಇದು ಹೊರಗೆ ಬಂದರೆ ಏನಾಗುತ್ತೆ ಗೊತ್ತಲ್ಲ? ಮಣಿ ನಂಬೋ ಹಾಗಿಲ್ಲ ಅಂದರೆ ಕಾಯಿದೆ ಬಿತ್ತು. ಹನ್ನೊಂದು ಸಾವಿರ ಖಾತೆ ರದ್ದು. ಬುಲ್ಡೋಜರ್ ಮೊದಲು ಬರೋದು ನಿಮ್ಮ ದಿಣ್ಣೆಗೇ."

"ಒಂದು ಕಟ್ಟಡ ಖಾಲಿ ಮಾಡಿಸಿ ಸಾರ್. ಅದೊಂದೇ ಸಾಕು."

"ಹಸಿರು ದೀಪದ ಕಟ್ಟಡ ಖಾಲಿ ಮಾಡಿಸೋ ಅಧಿಕಾರ ನನಗೂ ಇಲ್ಲ, ಕಲೆಕ್ಟರಿಗೂ ಇಲ್ಲ. ಬಣ್ಣ ಬದಲಾಯಿಸೋದು ಯಂತ್ರ. ಹಾಗೇ ಕಾಯಿದೆ ಬರೆದಿದ್ದೀವಿ, ಯಾರೂ ಕೈಯಾಡಿಸಬಾರದು ಅಂತ. ಬೆಂಗಳೂರಿಂದ ತಜ್ಞರನ್ನ ಕರೆಸ್ತೀನಿ, ಹದಿನೈದು ದಿನ ಕೊಡಿ. ಅಲ್ಲೀವರೆಗೆ ದಯವಿಟ್ಟು ಬಾಯಿ ಬಿಡಬೇಡಿ."

ಅವರು ದಯವಿಟ್ಟು ಎಂದದ್ದು ನನಗೆ ಇನ್ನಷ್ಟು ಸಿಟ್ಟು ತರಿಸಿತು. ಗದರಿಸಿದ್ದರೆ ತಿರುಗಿ ಬಿದ್ದಾದರೂ ಬರಬಹುದಿತ್ತು. ಎರಡು ದಿನ ಯಾವ ದಾರಿಯೂ ಕಾಣದೆ ಒದ್ದಾಡಿದೆ. ಭಾನುವಾರ ಅಪ್ಪನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಸುತ್ತಿಗೆ ತೆಗೆದುಕೊಂಡು ಎದುರು ಮನೆಗೆ ನಡೆದ.

ಚಿಕ್ಕಮ್ಮನ ನೈಋತ್ಯದ ಕಂಬ ಅವಳ ಮಲಗುವ ಕೋಣೆಯಲ್ಲಿ ಬೀರುವಿನ ಹಿಂದೆ ಇತ್ತು. ಬೀರು ಸರಿಸಿದೆವು. ಅಪ್ಪ ಕಂಬಕ್ಕೆ ಕಿವಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಬಂದ. ಆಳೆತ್ತರಕ್ಕೆ ಬಂದಾಗ ಸದ್ದು ಮಂಕಾಯಿತು. ಉಗುರಿನಿಂದ ಕೆರೆದ, ಗಾರೆ ಪದರ ಕಳಚಿ ಕೆಳಗೆ ಬಿತ್ತು. ಒಳಗೆ ಕಾಂಕ್ರೀಟು ಉದ್ದಕ್ಕೆ ಸೀಳಿತ್ತು, ಕಂಬಿ ಹೊರಕ್ಕೆ ಬಾಗಿತ್ತು. ಅಪ್ಪ ಚಿಕ್ಕಮ್ಮನ ಮಂಚದ ಮೇಲೆ ಕೂತುಬಿಟ್ಟ.

"ಜಾಕಿ ಕೊಟ್ಟು ನಿಲ್ಲಿಸಕ್ಕಾಗಲ್ವಾ ಅಪ್ಪ?"

"ಮುಟ್ಟಿದ್ರೆ ಬೀಳ್ತದೆ. ಜನಾನ ಮೊದ್ಲು ಇಳಿಸಬೇಕು."

ಸಂಜೆ ಹತ್ತೂ ಮನೆಯವರು ರಸ್ತೆಯಲ್ಲಿ ಸೇರಿದರು. ಮೇಸ್ತ್ರಪ್ಪ ಕರೆದನೆಂದು ಬಂದವರು, ಮನೆ ಬಿಡಬೇಕೆಂದು ಕೇಳಿ ತಿರುಗಿ ಬಿದ್ದರು. ಮೂರನೇ ಮಹಡಿಯ ಅಲ್ತಾಫ್, ಆಟೋ ಓಡಿಸುವವನು, ಬಾಗಿಲ ಮೇಲೆ ಕೈ ತೋರಿಸಿದ.

"ದೀಪ ಹಸ್ರಾಗೈತಲ್ಲ ಮೇಸ್ತ್ರಪ್ಪ. ಹಸಿ ಬಾಣಂತೀನ ಕರ್ಕೊಂಡು ಎಲ್ಲಿ ಹೋಗ್ಲಿ?"

"ದೀಪ ಸುಳ್ಳು ಹೇಳ್ತಿಲ್ಲ ಕಣಪ್ಪ. ನಾನು ಮಣಿ ಇಟ್ಟ ಜಾಗ ತಪ್ಪು." ಅಪ್ಪನ ದನಿ ಎತ್ತರವಾಗಿರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. "ಭಾರದ ಕಂಬಕ್ಕೆ ಇಡಿ ಅಂತ ಬರೆದಿದ್ರು. ನಾನು ದೇವ್ರ ಮೂಲೆಗೆ ಇಟ್ಟೆ. ಹಸ್ರು ಐತೆ ಅಂತ ನಂಬ್ಕೊಂಡು ಮೇಲೆ ಎರಡು ಮಾಡಿ ಜಾಸ್ತಿ ಏರಿಸ್ದೆ. ತಪ್ಪು ನಂದು. ನಿಮ್ಮ ಕಾಲಿಗೆ ಬೀಳ್ತೀನಿ, ಇಳೀರಿ."

ಅರವತ್ತಾರು ವರ್ಷದ ಅಪ್ಪ ನಿಜಕ್ಕೂ ಬಗ್ಗಿದ. ಅಲ್ತಾಫ್ ಓಡಿ ಬಂದು ತೋಳು ಹಿಡಿದುಕೊಂಡ. ಆಮೇಲೆ ಯಾರೂ ವಾದ ಮಾಡಲಿಲ್ಲ. ಪಾತ್ರೆ, ಹಾಸಿಗೆ, ಗ್ಯಾಸ್ ಸಿಲಿಂಡರ್ ಹೊತ್ತು ಎರಡು ಮನೆಯಾಚೆಗಿನ ಸಮುದಾಯ ಭವನಕ್ಕೆ ನಡೆದರು. ಕೊನೆಗೆ ಉಳಿದವಳು ಚಿಕ್ಕಮ್ಮ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

"ನೀನೇ ಕಟ್ದೆ ಭಾವ. ನೀನೇ ಬೀಳ್ತದೆ ಅಂತೀಯ."

"ಅಂತೀನಿ ಲಿಂಗಮ್ಮ."

"ಒಂದೊಂದು ಬಾಂಡ್ಲಿ ನಾನೇ ಹೊತ್ತಿದೀನಿ."

"ನಂಗೊತ್ತಿಲ್ವೇನಮ್ಮ."

ಅವಳು ಬೀಗ ಹಾಕಿ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ನಡೆದಳು. ಅಪ್ಪ ಅಷ್ಟರಲ್ಲಿ ಕೆಳಗಿನ ನಲ್ಲಿಗಳನ್ನು ತಿರುಗಿಸಿ ಟ್ಯಾಂಕಿನ ನೀರನ್ನೆಲ್ಲ ಚರಂಡಿಗೆ ಬಿಟ್ಟಿದ್ದ. ನೀರು ಹರಿದುಹೋಗುವುದನ್ನು ಚಿಕ್ಕಮ್ಮ ತಿರುಗಿ ತಿರುಗಿ ನೋಡಿದಳು. ಯಾಕೆ ಖಾಲಿ ಮಾಡಿದ್ದು ಎಂದು ಅವಳು ಕೇಳಲಿಲ್ಲ. ನಾವಿಬ್ಬರೂ ಹೇಳಲಿಲ್ಲ.

ಸೋಮವಾರ ಕಟ್ಟಡ ನಿಂತಿತ್ತು. ಮಂಗಳವಾರವೂ ನಿಂತಿತ್ತು. ದೀಪ ಹಸಿರು ಉರಿಯುತ್ತಲೇ ಇತ್ತು. ಮೇಸ್ತ್ರಪ್ಪನಿಗೆ ಅರಳು ಮರಳು ಎಂದು ಜನ ಮಾತಾಡಿಕೊಂಡರು. ಭವನದಲ್ಲಿ ನಲವತ್ತು ಜನಕ್ಕೆ ಒಂದೇ ನಲ್ಲಿ, ಅದರಲ್ಲೂ ನೀರಿಲ್ಲ. ಚಿಕ್ಕಮ್ಮನ ಬಾಡಿಗೆಯವರು ಕೊಡ ಹಿಡಿದು ಬೀದಿಯ ಮನೆಗಳ ಮುಂದೆ ನಿಂತರು. ಅದನ್ನು ನೋಡಲಾರದೆ ಅವಳು ಒಳಗೆ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು. ನಾನು ತಟ್ಟೆ ತೆಗೆದುಕೊಂಡು ಹೋದರೆ ಒಂದು ತುತ್ತೂ ಮುಟ್ಟಲಿಲ್ಲ. "ಬಾಣಂತಿ ತಲೆ ಮೇಲೆ ಬಿಸ್ನೀರು ಬಿದ್ದು ಎರಡು ದಿನ ಆಯ್ತು" ಎಂದಷ್ಟೇ ಹೇಳಿದಳು.

ಬುಧವಾರ ನೀರು ಬಿಡುವ ದಿನ. ಕಟ್ಟಡ ಖಾಲಿ ಮಾಡಿಸಿದ್ದಕ್ಕೆ ನನ್ನಿಂದ ವಿವರಣೆ ಕೇಳಿದ್ದರು. ಅದನ್ನು ಬರೆಯಲೆಂದು ಐದೂವರೆಗೇ ಕೇಂದ್ರದಲ್ಲಿದ್ದೆ. ಪರದೆಯ ಮೂಲೆಯಲ್ಲಿ ಚಿಕ್ಕಮ್ಮನ ಮನೆಯ ಅಂಕಿಯನ್ನು ತೆರೆದಿಟ್ಟಿದ್ದೆ. ಭಾನುವಾರದಿಂದ ಅದು ಕದಲದೆ ನಿಂತಿತ್ತು. ಆರು ಹತ್ತಕ್ಕೆ ದಿಣ್ಣೆಯ ಎಲ್ಲ ಮನೆಗಳ ಅಂಕಿ ಎಂದಿನಂತೆ ಇಳಿದವು. ಅದೂ ಇಳಿಯಿತು. ಆ ಕ್ಷಣ ನನಗೆ ಹೊಳೆಯಲಿಲ್ಲ. ಆರು ಇಪ್ಪತ್ತಕ್ಕೆ ಇನ್ನೂ ಇಳಿದಾಗ ಎದ್ದು ನಿಂತೆ. ಖಾಲಿ ಮನೆಯಲ್ಲಿ ಯಾರೋ ಮೋಟಾರ್ ಹಾಕಿದ್ದರು.

ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪ, ಚಿಕ್ಕಮ್ಮನ ಮನೆ ಟ್ಯಾಂಕು ತುಂಬ್ತಾ ಐತೆ. ಮೋಟ್ರು ಆರಿಸು. ಯಾರಿದ್ರೂ ಹೊರಗೆ ಕರಿ."

ಅವನು ಓಡತೊಡಗಿದ. ಚಪ್ಪಲಿಯ ಸದ್ದು, ಏದುಸಿರು ಕೇಳುತ್ತಿತ್ತು. ಇನ್ನೊಂದು ಫೋನಿನಲ್ಲಿ ನಿರ್ದೇಶಕರನ್ನು ಎಬ್ಬಿಸಿ ಆ ಮನೆಯ ಕರೆಂಟು ತೆಗೆಸಿ ಎಂದು ಬೇಡಿಕೊಂಡೆ. ಅವರು ವಿದ್ಯುತ್ ಕಚೇರಿಗೆ ಹೇಳುತ್ತೇನೆಂದರು. ನನ್ನ ಮುಂದೆ ನೂರೆಂಟು ಗುಂಡಿಗಳಿದ್ದವು. ಹಸಿರು ದೀಪದ ಮನೆಯ ಕರೆಂಟು ತೆಗೆಯುವ ಗುಂಡಿ ಮಾತ್ರ ಇರಲಿಲ್ಲ. ನಾನು ಮೇಜು ಗುದ್ದಿದೆ, ಅತ್ತೆ, ಹಾಳಾದ ಪರದೆಗೆ ಬಾಯಿಗೆ ಬಂದಂತೆ ಬೈದೆ. ಫೋನಿನಲ್ಲಿ ಅಪ್ಪ "ಲಿಂಗಮ್ಮ, ಲಿಂಗಮ್ಮ" ಎಂದು ಕೂಗುವುದು ಕೇಳಿಸಿತು. ಆಮೇಲೆ ಜಲ್ಲಿ ಲಾರಿ ಸುರಿದಂಥ ಸದ್ದು, ಅಷ್ಟೇ.

ಅಪ್ಪ ಗೇಟಿನವರೆಗೆ ಬಂದಿದ್ದ. ಒಳಗೆ ಕಾಲಿಡುವ ಮುಂಚೆ ಕಟ್ಟಡ ಕೂತಿತು. ಐದು ಅಂತಸ್ತೂ ನೈಋತ್ಯಕ್ಕೆ ವಾಲಿ ಒಂದರ ಮೇಲೊಂದು ಕುಸಿದವು. ಈಶಾನ್ಯದ ಕಂಬ ಮಾತ್ರ ಒಂದಿಷ್ಟು ಗೋಡೆಯನ್ನು ಹಿಡಿದುಕೊಂಡು ನೆಟ್ಟಗೆ ನಿಂತಿತ್ತು. ಆರೂವರೆಗೆ ಅದರ ಅಂಕಿ ನಮಗೆ ಬಂತು. ಯಂತ್ರ ಅದನ್ನು ನೋಡಿ ಚುಕ್ಕೆಯನ್ನು ಹಸಿರಾಗಿಯೇ ಇಟ್ಟಿತು.

ಚಿಕ್ಕಮ್ಮ ಮೆಟ್ಟಿಲ ಬಳಿ ಸಿಕ್ಕಳು. ಸೆರಗಿನಲ್ಲಿ ಕೀಲಿ ಇರಲಿಲ್ಲ, ಬಾಗಿಲಲ್ಲಿತ್ತು. ಅವಳು ಕೆಳಗಿನ ನಲ್ಲಿಗೆ ಪೈಪು ಸಿಕ್ಕಿಸಿ ಭವನದವರೆಗೆ ಎಳೆದಿದ್ದಳು. ಟ್ಯಾಂಕು ತುಂಬಿದರೆ ನೀರು ಅಷ್ಟು ದೂರ ತಾನಾಗಿ ಹರಿಯುತ್ತದೆ. "ಒಂದರ್ಧ ಗಂಟೆ ಕಣವ್ವ, ನಾನೇನು ಒಳಗೆ ಮಲಗಕ್ಕೆ ಹೋಗ್ತಿಲ್ಲ, ಬಂದ ನೀರು ದಂಡ ಆಗಬಾರ್ದು" ಎಂದು ಅಲ್ತಾಫನ ಹೆಂಡತಿಗೆ ಹೇಳಿ ಹೋಗಿದ್ದಳಂತೆ. ಮನೆಯೊಳಗೆ ಇರಬೇಡ ಎಂದು ನಾವು ಹೇಳಿದ್ದೆವು. ಅವಳು ಇರಲೆಂದು ಹೋಗಿರಲಿಲ್ಲ. ಟ್ಯಾಂಕು ತುಂಬಿಸಬೇಡ ಎಂದು ಯಾರೂ ಹೇಳಿರಲಿಲ್ಲ.

ಅವತ್ತೇ ಮಧ್ಯಾಹ್ನ ವಿಚಾರಣೆಗೆ ಬಂದ ಅಧಿಕಾರಿಗಳು ಭವನದಲ್ಲೇ ಮೇಜು ಹಾಕಿ ಕೂತರು. ಬರೆದುಕೊಳ್ಳುವವನು ಓದಿದ: "ಮೃತರು ಎಚ್ಚರಿಕೆಯನ್ನು ಮೀರಿ, ಸ್ವಂತ ಅಜಾಗರೂಕತೆಯಿಂದ."

"ಅದನ್ನ ಹೊಡೆದುಹಾಕಿ ಸಾಮಿ" ಎಂದ ಅಪ್ಪ.

"ನೀವು ಹೇಳಿದ್ದನ್ನ ಅವರು ಕೇಳಲಿಲ್ಲ ತಾನೇ?" ಎಂದರು ಮೇಲಧಿಕಾರಿ.

"ಕೇಳಿದ್ಲು. ಹೇಳಿದ್ದಷ್ಟೂ ಕೇಳಿದ್ಲು. ನಾವು ಅರ್ಧ ಹೇಳಿದ್ವಿ. ಇನ್ನರ್ಧ ಹೇಳಿದ್ರೆ ಅವಳಿಗೆ ತಿಳೀತಿತ್ತು. ನನಗಿಂತ ಚೆನ್ನಾಗಿ ತಿಳೀತಿತ್ತು, ತಲೆ ಮೇಲೆ ಭಾರ ಹೊತ್ತೋಳು ಅವಳು. ಓಬಳಪ್ಪ ಹೇಳ್ಲಿಲ್ಲ ಅಂತ ಬರೀರಿ."

"ಅನಸೂಯಾನೂ ಹೇಳಲಿಲ್ಲ ಅಂತ ಬರೀರಿ" ಎಂದೆ ನಾನು. ಬರೆಯುವವನು ಮೇಲಧಿಕಾರಿಯ ಮುಖ ನೋಡಿದ. ಅವರು ಕೈಸನ್ನೆ ಮಾಡಿದ ಮೇಲೆ ಹೊಡೆದುಹಾಕಿ ಬರೆದ.

ಗುರುವಾರ, ಶುಕ್ರವಾರ ಎರಡೂ ದಿನ ನಾನೂ ಅಪ್ಪನೂ ದಿಣ್ಣೆಯ ಬೀದಿ ಬೀದಿ ತಿರುಗಿದೆವು. ಒಂದು ಸೆಂಟ್ರಿಂಗ್ ಹಲಗೆ, ಕೆಳಗೊಂದು ಇಟ್ಟಿಗೆ. ಅಪ್ಪ ಹಲಗೆಯ ಒಂದು ತುದಿಯಲ್ಲಿ ನೀರು ತುಂಬಿದ ಬಕೆಟ್ ಇಟ್ಟು ಇನ್ನೊಂದು ತುದಿ ಏಳುವುದನ್ನು ತೋರಿಸುತ್ತಿದ್ದ. ಮಣಿ ಇಲ್ಲಿ, ಟ್ಯಾಂಕು ಅಲ್ಲಿ, ಅದನ್ನ ತುಂಬಿಸಬೇಡಿ ಎನ್ನುತ್ತಿದ್ದ. ಕೆಲವರು ಕೇಳಿದರು. ಕೆಲವರು ಬಾಗಿಲು ಹಾಕಿಕೊಂಡರು. ನಮ್ಮ ಖಾತೆ ಕಳೆಯುವುದಕ್ಕೆ ಬಂದಿದ್ದೀಯಾ ಎಂದು ಒಬ್ಬ ಅಪ್ಪನ ಕೊರಳಪಟ್ಟಿ ಹಿಡಿದ. ಅಪ್ಪ ಅವನಿಗೂ ಹಲಗೆ ತೋರಿಸಿದ. ಸಂಜೆ ಹೊತ್ತಿಗೆ ಅಪ್ಪನಿಗೆ ದನಿಯೇ ಹೊರಡುತ್ತಿರಲಿಲ್ಲ, ಹಲಗೆ ಮಾತ್ರ ಒತ್ತಿ ತೋರಿಸುತ್ತಿದ್ದ.

ಶನಿವಾರ ಮತ್ತೆ ನೀರಿನ ದಿನ. ಅದು ನನ್ನ ಕೆಲಸದ ಕೊನೆಯ ದಿನವೂ ಆಗಿತ್ತು. ಸೋಮವಾರದಿಂದ ಅಮಾನತು ಎಂಬ ಪತ್ರ ಕೈಗೆ ಬಂದಿತ್ತು. ಬೆಳಗಿನ ಪಾಳಿಗೆ ನಿರ್ದೇಶಕರೂ ಬಂದರು. ಮೂರು ದಿನದಿಂದ ಗಡ್ಡ ಬೋಳಿಸಿಕೊಂಡಿರಲಿಲ್ಲ. ಕಾಯಿದೆ ಉಳಿಯುತ್ತದೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ. ಇಬ್ಬರೂ ಪರದೆ ನೋಡುತ್ತ ನಿಂತೆವು.

ಆರು ಗಂಟೆ ಆಯಿತು. ಆರು ಹತ್ತಾಯಿತು. ದಿಣ್ಣೆಯ ಸಾವಿರದ ಮುನ್ನೂರು ಮನೆಗಳ ಒಂದು ಅಂಕಿಯೂ ಇಳಿಯಲಿಲ್ಲ. ಆರು ಇಪ್ಪತ್ತಕ್ಕೂ ಇಳಿಯಲಿಲ್ಲ.

"ಇವತ್ತು ನೀರು ಬಿಟ್ಟಿಲ್ವಾ?" ಎಂದು ಅವರು ಕೇಳಿದರು.

"ಬಿಟ್ಟವ್ರೆ ಸಾರ್. ಅಪ್ಪ ಈಗ ತಾನೇ ಫೋನ್ ಮಾಡಿದ್ದ."

"ಹಾಗಾದ್ರೆ ಮಣಿಗಳು ಕೆಟ್ಟಿವೆಯಾ?"

ನಾನು ನಡುಕದ ಗೆರೆಗಳನ್ನು ಪರದೆಗೆ ತಂದೆ. ಪ್ರತಿ ಮನೆಯಲ್ಲೂ ಸಣ್ಣ ಸಣ್ಣ ಮಿಡಿತಗಳು ಮೂಡುತ್ತಿದ್ದವು. ಒಂದಾದ ಮೇಲೊಂದು, ನಿಧಾನವಾಗಿ, ಹೆಜ್ಜೆಗೊಂದು. ಎರಡನೇ ಮಹಡಿಯವರು, ಮೂರನೇ ಮಹಡಿಯವರು, ಕೊಡ ತಲೆಯ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಇಡೀ ದಿಣ್ಣೆ ಹತ್ತುತ್ತಿತ್ತು. ಒಂದು ಮನೆಯಲ್ಲೂ ಮೋಟಾರ್ ಹಾಕಿರಲಿಲ್ಲ.